ಹೊಸದಾಗಿ ಸೈಕಲ್ ಹಿಡಿಯುವವರಿಗೆ: ಯಾವ ಸೈಕಲ್, ಎಷ್ಟು ದುಡ್ಡು, ವಾರಕ್ಕೆ ಎಷ್ಟು ದಿನ

ಸೈಕಲ್ ತೆಗೆದುಕೊಳ್ಳಲು ಹೊರಟವರು ಮೊದಲು ಕೇಳುವುದು ಕಂಪನಿಯ ಹೆಸರು, ಆಮೇಲೆ ಗೇರಿನ ಲೆಕ್ಕ. ಈ ಎರಡಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ವಾರಕ್ಕೆ ಎಷ್ಟು ದಿನ ತುಳಿಯುತ್ತೀರಿ? ಮೈಯಲ್ಲಿ ಕಸುವು ಕೂಡುವುದೂ ಹಾಕಿದ ದುಡ್ಡು ಮರಳುವುದೂ ಅದರ ಮೇಲೇ ನಿಂತಿವೆ.

ಮೈಸೂರಿನ ಲೆಕ್ಕವನ್ನೇ ಹಾಕೋಣ. ಕುವೆಂಪುನಗರದಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ಕೆಲಸಕ್ಕೆ ಹೋಗುವವರಿಗೆ ಒಂದು ಕಡೆಗೆ ಹೆಚ್ಚುಕಡಿಮೆ 8 ಕಿ.ಮೀ. ಎಂದುಕೊಳ್ಳಿ. ಹೋಗಿಬರಲು 16. ಪೇಟೆಯ ಓಡಾಟದಲ್ಲಿ ಲೀಟರಿಗೆ 40–45 ಕಿ.ಮೀ. ಕೊಡುವ ಸ್ಕೂಟರಿಗೆ, ಪೆಟ್ರೋಲು ನೂರು ದಾಟಿರುವ ಈ ಕಾಲದಲ್ಲಿ, ತಿಂಗಳಿಗೆ 22 ದಿನದ ಖರ್ಚು ಸುಮಾರು ₹800. ಪ್ರತಿದಿನವೂ ಸೈಕಲ್ಲಿನಲ್ಲೇ ಹೋದರೆ ವರ್ಷಕ್ಕೆ ₹9,600 ಉಳಿಯಿತು. ಟಯರು, ಟ್ಯೂಬು, ಸರ್ವಿಸ್ ಅಂತ ₹2,500 ಕಳೆಯಿರಿ, ಕೈಯಲ್ಲಿ ₹7,100. ಹೆಲ್ಮೆಟ್ಟು, ಲೈಟು, ಬೀಗ ಎಲ್ಲ ಸೇರಿ ₹19,000 ಹಾಕಿದ್ದರೆ ಮೂರು ವರ್ಷದೊಳಗೆ ಅಸಲು ಬರುತ್ತದೆ. ವಾರಕ್ಕೆ ಮೂರೇ ದಿನ ತುಳಿದರೆ ಪೆಟ್ರೋಲಿನ ಉಳಿತಾಯ ವರ್ಷಕ್ಕೆ ₹6,000ದ ಆಸುಪಾಸು, ಖರ್ಚು ಕಳೆದರೆ ₹3,500. ಅಸಲು ಬರಲು ಐದು ವರ್ಷ ದಾಟುತ್ತದೆ. ಭಾನುವಾರ ಮಾತ್ರ ತುಳಿಯುವವರಿಗೆ ಪೆಟ್ರೋಲಿನ ಉಳಿತಾಯವೇ ಇಲ್ಲ.

ಹೆಂಗಸರಿಗೆ ಲೆಕ್ಕ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳು ಉಚಿತವಾಗಿರುವುದರಿಂದ, ಬಸ್ಸಿನಲ್ಲಿ ಓಡಾಡುವವರಿಗೆ ಸೈಕಲ್ಲು ಪ್ರಯಾಣದ ದುಡ್ಡನ್ನೇನೂ ಉಳಿಸುವುದಿಲ್ಲ. ಅವರಿಗೆ ಸರಿಯಾದ ಹೋಲಿಕೆ ಜಿಮ್ಮಿನದು. ತಿಂಗಳಿಗೆ ₹1,500 ಕಟ್ಟುವ ಜಿಮ್ಮು ವರ್ಷಕ್ಕೆ ₹18,000 ಆಗುತ್ತದೆ. ಅದನ್ನು ಬಿಟ್ಟು ಸೈಕಲ್ ಹಿಡಿದರೆ ಮೊದಲ ವರ್ಷ ಸರಿಗೆ ಸರಿ, ಎರಡನೇ ವರ್ಷದಿಂದ ನೇರ ಉಳಿತಾಯ.

ಇಷ್ಟು ಹೇಳಿದ್ದು ಯಾರನ್ನೂ ಹಿಮ್ಮೆಟ್ಟಿಸಲಿಕ್ಕಲ್ಲ. ‘ಸೈಕಲ್ ಅಂದರೆ ಖರ್ಚೇ ಇಲ್ಲ’ ಎಂಬ ಮಾತನ್ನು ನಂಬಿ ಕೊಂಡವರು ಮೊದಲ ಟಯರ್ ಸವೆದಾಗ ಬೇಸರಪಟ್ಟು ನಿಲ್ಲಿಸಿಬಿಡುತ್ತಾರೆ. ಖರ್ಚಿದೆ. ಅದು ಮುಂಚೆಯೇ ಗೊತ್ತಿರಲಿ.

ಕೆಲಸದ ಓಡಾಟವೋ, ಭಾನುವಾರದ ಸವಾರಿಯೋ

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. 8 ಕಿ.ಮೀ.ಯನ್ನು ಗಂಟೆಗೆ 16ರ ವೇಗದಲ್ಲಿ ಹೋದರೆ ಅರ್ಧ ಗಂಟೆ. ಹೋಗಿಬರಲು ಒಂದು ಗಂಟೆ. ವಾರಕ್ಕೆ ಮೂರು ದಿನ ಕೆಲಸಕ್ಕೆ ಹೋಗಿಬಂದರೇ 180 ನಿಮಿಷ ಆಯಿತು. ಬೇರೆ ವೇಳೆ ಹುಡುಕಬೇಕಾಗಿಲ್ಲ, ಬೆಳಿಗ್ಗೆ ಐದಕ್ಕೆ ಎದ್ದು ಹಟ ಮಾಡಬೇಕಾಗಿಲ್ಲ. ಸ್ಕೂಟರಿನಲ್ಲಿ ಇಪ್ಪತ್ತೈದು ನಿಮಿಷ ಹೇಗೂ ಹೋಗುತ್ತಿತ್ತು.

ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣಕ್ಕೆ ಹೋಗಿ, ಕಾವೇರಿಯ ದಂಡೆಯಲ್ಲಿ ಕೂತು, ತಿಂಡಿ ತಿಂದು ಬರುವುದರ ಸುಖ ದೊಡ್ಡದು, ಒಪ್ಪುತ್ತೇನೆ. ಬೆಂಗಳೂರಿನವರಿಗೆ ನಂದಿಬೆಟ್ಟ ಹಾಗೆಯೇ. ಆದರೆ ಹೊಸಬರ ಮೈಗೆ ವಾರಕ್ಕೊಮ್ಮೆ ಮೂರು ಗಂಟೆ ತುಳಿಯುವುದಕ್ಕಿಂತ ವಾರಕ್ಕೆ ನಾಲ್ಕು ಸಲ ನಲವತ್ತು ನಿಮಿಷ ತುಳಿಯುವುದು ಹೆಚ್ಚು ಒಳ್ಳೆಯದು. ಆರು ದಿನ ಸುಮ್ಮನಿದ್ದ ಮಂಡಿ ಮತ್ತು ಸೊಂಟ ಏಳನೇ ದಿನ ಅರವತ್ತು ಕಿಲೋಮೀಟರಿಗೆ ಸಿದ್ಧವಾಗಿರುವುದಿಲ್ಲ. ಸೋಮವಾರ ನೋವು, ಮುಂದಿನ ಭಾನುವಾರ ನೆಪ. ಮೊದಲು ಕೆಲಸದ ಓಡಾಟವನ್ನು ರೂಢಿ ಮಾಡಿಕೊಳ್ಳಿ. ಅದು ನೆಲೆನಿಂತ ಮೇಲೆ ಭಾನುವಾರದ ಸವಾರಿ ತಾನಾಗಿ ಹಗುರಾಗುತ್ತದೆ.

ಆಫೀಸಿನಲ್ಲಿ ಬೆವರಿನ ಚಿಂತೆಯೇ? ಬಟ್ಟೆಯನ್ನು ಬೆನ್ನಿಗೆ ಹಾಕಿಕೊಳ್ಳದೆ ಹಿಂದಿನ ಕ್ಯಾರಿಯರಿಗೆ ಕಟ್ಟಿ. ಬೆನ್ನು ಒಣಗಿದ್ದರೆ ಅರ್ಧ ಬೆವರು ಕಡಿಮೆಯಾದ ಹಾಗೆ. ಕೊನೆಯ ಒಂದು ಕಿಲೋಮೀಟರು ನಿಧಾನಕ್ಕೆ ಬನ್ನಿ, ಒದ್ದೆ ಟವಲಿನಲ್ಲಿ ಒರೆಸಿಕೊಂಡು ಅಂಗಿ ಬದಲಿಸಿ.

ಯಾವ ಸೈಕಲ್

ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಹೊಸಬರ ದುಡ್ಡು ಹೆಚ್ಚಾಗಿ ಹಾಳಾಗುವುದು ಇಲ್ಲೇ.

ಅಂಗಡಿಗೆ ಹೋದ ಕೂಡಲೇ ಕಣ್ಣಿಗೆ ಬೀಳುವುದು ₹9,000–12,000ದ ಎಂಟಿಬಿ, ಅಂದರೆ ಬೆಟ್ಟ, ಮಣ್ಣುದಾರಿಗೆಂದು ಮಾಡಿದ ಮೌಂಟನ್ ಬೈಕು: ದಪ್ಪ ಮುಳ್ಳುಮುಳ್ಳು ಟಯರು, ಮುಂದೆ ಶಾಕ್ ಅಬ್ಸಾರ್ಬರು, 21 ಗೇರು, ಝಗಮಗಿಸುವ ಬಣ್ಣ. ನೋಡಲು ಗಟ್ಟಿ. ಆದರೆ ಈ ಬೆಲೆಯ ಶಾಕ್ ಬರೀ ಭಾರ. ನೀವು ಏರಿನಲ್ಲಿ ಎದ್ದು ತುಳಿದಾಗ ಅದು ಕುಗ್ಗಿ ಹಿಗ್ಗಿ ನಿಮ್ಮ ಶಕ್ತಿಯನ್ನೇ ತಿನ್ನುತ್ತದೆ. ಟಾರು ರಸ್ತೆಯಲ್ಲಿ ಆ ಟಯರು ಗುಂಯ್‌ಗುಡುತ್ತಾ ಹಿಡಿದೆಳೆಯುತ್ತದೆ. ಕಬ್ಬಿಣದ ಫ್ರೇಮಾದರೆ ಒಟ್ಟು 17–18 ಕಿಲೋ ತೂಗುವುದೂ ಉಂಟು. ಬೆಂಗಳೂರಿನ ತುರಹಳ್ಳಿ ಕಾಡಿನಂಥ ಮಣ್ಣುದಾರಿಯಲ್ಲಿ ಓಡಿಸುವ ಆಸೆಯಿದ್ದವರಿಗೆ ಎಂಟಿಬಿ ಸರಿ, ಆದರೆ ಅದಕ್ಕೆ ಬೇಕಾದದ್ದು ಇನ್ನೂ ದುಬಾರಿಯ ಎಂಟಿಬಿ. ಮನೆಯಲ್ಲಿ ಈಗಾಗಲೇ ಇಂಥದೊಂದಿದ್ದರೆ ಮಾರಬೇಡಿ. ಎರಡೂ ಟಯರು ತೆಗೆಸಿ, ಒಂದೂವರೆ ಇಂಚಿನ ನುಣುಪು ಟಯರು ಹಾಕಿಸಿ. ಜೋಡಿಗೆ ಒಂದೂವರೆ ಸಾವಿರದ ಆಸುಪಾಸು. ಸೈಕಲ್ಲೇ ಬದಲಾದಂತೆ ಓಡುತ್ತದೆ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಲಾಭ ಕೊಡುವ ಬದಲಾವಣೆ ನನಗೆ ಬೇರೊಂದು ಗೊತ್ತಿಲ್ಲ.

ಹೈಬ್ರಿಡ್ ಎಂದು ಕರೆಯುವುದು ಎಂಟಿಬಿ ಮತ್ತು ಟಾರು ರಸ್ತೆಯ ವೇಗಕ್ಕೆಂದು ಮಾಡಿದ ರೋಡ್ ಬೈಕಿನ ನಡುವಿನದು. ನೇರ ಹ್ಯಾಂಡಲ್ಲು, 700ಸಿ ದೊಡ್ಡ ಗಾಲಿ, 35–40 ಮಿ.ಮೀ. ಟಯರು, ಮುಂದೆ ಶಾಕ್ ಇಲ್ಲದ ಫೋರ್ಕು. ₹13,000ದಿಂದ ₹25,000ದೊಳಗೆ ಒಳ್ಳೆಯದು ಸಿಗುತ್ತದೆ, ತೂಕ 13–15 ಕಿಲೋ. ನಮ್ಮ ಊರುಗಳ ಹಂಪು, ಗುಂಡಿ, ಅಗೆದು ಮುಚ್ಚಿದ ಚರಂಡಿಯ ಗೀರು ಇವೆಲ್ಲಕ್ಕೂ ಟಯರಿನ ಗಾಳಿಯೇ ಸಾಕು. ದಿನಾ ಕೆಲಸಕ್ಕೆ ಹೋಗುವ ಹೊಸಬರಿಗೆ ನನ್ನ ಮೊದಲ ಆಯ್ಕೆ ಇದು. ಕೊಳ್ಳುವಾಗಲೇ ಕ್ಯಾರಿಯರ್, ಮಡ್‌ಗಾರ್ಡ್ ಹಾಕಿಸಲು ಫ್ರೇಮಿನಲ್ಲಿ ತೂತುಗಳಿವೆಯೇ ನೋಡಿ. ಇಲ್ಲದಿದ್ದರೆ ಆಮೇಲೆ ಕ್ಲಾಂಪು, ತಂತಿ ಎಂದು ಒದ್ದಾಟ.

ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕು ₹30,000 ದಾಟಿದ ಮೇಲೆ ಕೊಳ್ಳುವಂಥದು. ಅದು ವೇಗದ, ದೂರದ ಸೈಕಲ್ಲು. ಒಂದು ವರ್ಷ ಬಿಡದೆ ತುಳಿದ ಮೇಲೆ ಯೋಚಿಸಿ. ವಿಜಯಪುರ, ಬಾಗಲಕೋಟೆ ಕಡೆಯವರು ಈ ಮಾತಿಗೆ ತಕರಾರು ತೆಗೆಯಬಹುದು, ಅದು ನ್ಯಾಯವೂ ಹೌದು. ಸೈಕ್ಲಿಂಗ್ ಕ್ರೀಡಾ ವಸತಿನಿಲಯಗಳಿರುವ, ರಾಷ್ಟ್ರಮಟ್ಟದ ಸವಾರರನ್ನು ಕೊಟ್ಟ ಆ ಸೀಮೆಯ ಮಟ್ಟಸ ಬಯಲಿನಲ್ಲಿ ರೋಡ್ ಬೈಕ್ ತುಳಿಯಲು ಹುಡುಗರು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಆದರೆ ಅಲ್ಲೂ ಹೊಲದ ಬದುವಿನ ಜಾಲಿಮುಳ್ಳು ತೆಳು ಟಯರಿಗೆ ಶತ್ರು. ಒಣಸೀಮೆಯಲ್ಲಿ ಓಡಿಸುವವರು ಯಾವ ಸೈಕಲ್ಲಾದರೂ ಸರಿ, ಟಯರಿಗೂ ಟ್ಯೂಬಿಗೂ ನಡುವೆ ಪಂಕ್ಚರ್ ತಡೆಯುವ ಪಟ್ಟಿ ಹಾಕಿಸಿಕೊಳ್ಳಿ.

ಇನ್ನು ನಮ್ಮ ಹಳೆಯ ಗೇರಿಲ್ಲದ ಸೈಕಲ್ಲು. ₹5,000–8,000. ಕ್ಯಾರಿಯರು, ಸ್ಟ್ಯಾಂಡು, ಚೈನ್ ಕವರು, ಬೆಲ್ಲು ಎಲ್ಲ ಅದರಲ್ಲೇ ಬಂದಿರುತ್ತದೆ. ರಿಪೇರಿ ಮೂಲೆಮೂಲೆಯಲ್ಲಿ ಸಿಗುತ್ತದೆ. ಸಮತಟ್ಟಾದ ಊರಿನಲ್ಲಿ, 5 ಕಿ.ಮೀ. ಒಳಗಿನ ದೂರಕ್ಕೆ ಇದಕ್ಕಿಂತ ಅಗ್ಗದ ಆರೋಗ್ಯ ಇಲ್ಲ. ದಾವಣಗೆರೆ, ಮಂಡ್ಯದ ಪೇಟೆಯೊಳಗೆ ಇದು ನಡೆಯುತ್ತದೆ. ಮಂಗಳೂರಿನಲ್ಲಿ ಬೇಡ. ಕದ್ರಿ, ಬಿಜೈ, ಲೈಟ್‌ಹೌಸ್ ಹಿಲ್ಲಿನ ಏರಿಳಿತಕ್ಕೆ ಗೇರು ಬೇಕೇಬೇಕು, ಮತ್ತು ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಯಲ್ಲಿ ರಿಮ್ಮಿಗೆ ಒತ್ತುವ ಬ್ರೇಕಿಗಿಂತ ಡಿಸ್ಕ್ ಬ್ರೇಕು ಹೆಚ್ಚು ನಂಬಿಕಸ್ತ. ಕರಾವಳಿಯವರು ಹೈಬ್ರಿಡ್ಡಿನಲ್ಲೂ ಡಿಸ್ಕ್ ಇರುವುದನ್ನೇ ನೋಡಲಿ.

ಮನೆಯಲ್ಲಿ ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲೊಂದು ಮೂಲೆಯಲ್ಲಿ ನಿಂತಿದ್ದರೆ ಒಂದು ತಿಂಗಳು ಅದರಲ್ಲೇ ತುಳಿದು ನೋಡಿ. ಸೀಟು ಏರಿಸಿ, ಟಯರು ಬದಲಿಸಿದರೆ ಸಾಕು. 2006–07ರಿಂದ ಲಕ್ಷಗಟ್ಟಲೆ ಮಕ್ಕಳ ಕೈಗೆ ಬಂದ ಆ ಸೈಕಲ್ಲುಗಳಲ್ಲಿ ಎಷ್ಟೋ ಇನ್ನೂ ಓಡುವ ಸ್ಥಿತಿಯಲ್ಲಿವೆ. ಮೈಸೂರಿನವರು 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲು ಸಿಗುತ್ತಿದ್ದರೆ ಅದರಲ್ಲೂ ರೂಢಿ ಪರೀಕ್ಷಿಸಬಹುದು. ಬೆಂಗಳೂರಿನ ಮೆಟ್ರೋ ನಿಲ್ದಾಣಗಳ ಹೊರಗೆ ಸಿಗುವ ಪೆಡಲಿಲ್ಲದ ಬಾಡಿಗೆ ವಿದ್ಯುತ್ ವಾಹನಗಳು ಈ ಲೆಕ್ಕಕ್ಕೆ ಬರುವುದಿಲ್ಲ. ತುಳಿಯದೆ ಕಾಲಿಗೆ ಕಸುವು ಬರುವುದು ಹೇಗೆ?

ಸೀರೆ, ಚೂಡಿದಾರದಲ್ಲಿ ಓಡಾಡುವವರಿಗೆ ನಡುವಿನ ಅಡ್ಡ ಕೊಳವೆ ತಗ್ಗಿರುವ ಫ್ರೇಮು, ಚೈನ್ ಕವರು, ಹಿಂದಿನ ಗಾಲಿಗೆ ಜಾಲರಿ ಅವಶ್ಯ. ಮಂಡಿ ಸೊಂಟ ಬಿಗಿಯಾಗಿರುವ ಅರವತ್ತರ ಗಂಡಸರಿಗೂ ಅದೇ ಫ್ರೇಮು ಹಿತ. ‘ಲೇಡೀಸ್ ಸೈಕಲ್’ ಎಂದು ನಾಚುವುದೇನೂ ಇಲ್ಲ.

ಇ-ಸೈಕಲ್ಲಿನ ಬಗ್ಗೆ ಎರಡು ಮಾತು. ಮೋಟಾರು 250 ವ್ಯಾಟ್, ವೇಗ ಗಂಟೆಗೆ 25 ಕಿ.ಮೀ. ಮೀರದಿದ್ದರೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಬೆಲೆ ₹25,000ದಿಂದ ₹45,000. ಒಂದು ಸಲ ಚಾರ್ಜಿಗೆ ಕರೆಂಟು ಎರಡು ಮೂರು ರೂಪಾಯಿ, ಅದೇನೂ ಖರ್ಚಲ್ಲ. ಖರ್ಚಿರುವುದು ಕೆಲವು ವರ್ಷಕ್ಕೆ ಬದಲಿಸಬೇಕಾದ ಬ್ಯಾಟರಿಯಲ್ಲಿ. ಕೊಳ್ಳುವ ದಿನವೇ ಹೊಸ ಬ್ಯಾಟರಿಯ ಬೆಲೆ ಕೇಳಿಟ್ಟುಕೊಳ್ಳಿ. ತುಳಿದಾಗ ಮಾತ್ರ ನೂಕುವ ಪೆಡಲ್ ಅಸಿಸ್ಟಿನಲ್ಲಿ ಓಡಿಸಿದರೆ ಒಳ್ಳೆಯ ವ್ಯಾಯಾಮವೇ ಆಗುತ್ತದೆ. ಹ್ಯಾಂಡಲ್ ತಿರುಗಿಸಿಕೊಂಡು ಹೋದರೆ ಅದು ನಿಧಾನದ ಸ್ಕೂಟರು. ಮನೆಯಿಂದ ಕೆಲಸಕ್ಕೆ 12–15 ಕಿ.ಮೀ. ಇರುವವರು, ಐವತ್ತು ದಾಟಿ ಈಗ ಶುರು ಮಾಡುವವರು, ಮಡಿಕೇರಿಯಂಥ ಊರಿನವರು ಇದನ್ನು ಹಿಂಜರಿಯದೆ ಪರಿಗಣಿಸಲಿ.

ಹೊಸದೋ, ಸೆಕೆಂಡ್ ಹ್ಯಾಂಡೋ

2020ರ ಲಾಕ್‌ಡೌನಿನಲ್ಲಿ ಸೈಕಲ್ ಕೊಂಡವರು ಬಹಳ. ಅವುಗಳಲ್ಲಿ ಎಷ್ಟೋ ಈಗ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಧೂಳು ಹೊದ್ದು ನಿಂತಿವೆ. ಅರ್ಧ ಬೆಲೆಗೆ ಒಳ್ಳೆಯ ಹೈಬ್ರಿಡ್ ಸಿಗುವ ಸಂದರ್ಭ ಇದೆ. ಕೊಳ್ಳುವಾಗ ಫ್ರೇಮಿನ ಬೆಸುಗೆಯ ಹತ್ತಿರ ಬಿರುಕಿದೆಯೇ ಬೆರಳಾಡಿಸಿ ನೋಡಿ. ಗಾಲಿ ಎತ್ತಿ ತಿರುಗಿಸಿ, ಬೆಂಡಿದೆಯೇ ಪರೀಕ್ಷಿಸಿ. ಪೆಡಲನ್ನು ಹಿಡಿದಿರುವ ತೋಳನ್ನು (ಕ್ರ್ಯಾಂಕ್) ಅಕ್ಕಪಕ್ಕಕ್ಕೆ ಅಲುಗಿಸಿ. ಲೊಟಲೊಟ ಎಂದರೆ ಬೇರಿಂಗು ಹೋಗಿದೆ. ಹಳೆಯ ಬಿಲ್ಲು ಕೇಳಿ, ಇಲ್ಲದಿದ್ದರೆ ಕದ್ದದ್ದೋ ಏನೋ ಎಂಬ ಅನುಮಾನ ಉಳಿಯುತ್ತದೆ. ಎಷ್ಟೇ ಚೆನ್ನಾಗಿ ಕಂಡರೂ ಟಯರು, ಟ್ಯೂಬು, ಕೇಬಲ್ಲು, ಬ್ರೇಕ್ ಕಟ್ಟೆಗಳಿಗೆ ₹2,000–2,500 ಎತ್ತಿಟ್ಟುಕೊಳ್ಳಿ. ಓಡದೆ ನಿಂತ ರಬ್ಬರು ಬಿರಿದಿರುತ್ತದೆ.

ಹೊಸದು ಕೊಳ್ಳುವವರಿಗೆ ಒಂದು ಅನುಕೂಲ: 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ. ಸೈಕಲ್ಲಿನ ಪರಿಚಯ ಇಲ್ಲದವರು, ಜೊತೆಗೆ ನೋಡಿ ಹೇಳುವ ಗೆಳೆಯರಿಲ್ಲದವರು ಹೊಸದನ್ನೇ ಕೊಳ್ಳುವುದು ಮೇಲು.

ಸೈಕಲ್ಲಿನ ಹೊರಗೆ

₹20,000 ಕೈಯಲ್ಲಿದ್ದರೆ ₹20,000ದ ಸೈಕಲ್ ಕೊಳ್ಳಬೇಡಿ. ₹15,000–16,000ದ್ದು ಕೊಂಡು ಉಳಿದದ್ದನ್ನು ಹೀಗೆ ಹಂಚಿ: ಹೆಲ್ಮೆಟ್ಟು ₹1,200–1,500, ಮುಂದೆ ಬಿಳಿ, ಹಿಂದೆ ಕೆಂಪು ಲೈಟು ಸೇರಿ ₹800, ಬೀಗ ₹500, ಗಾಳಿಯ ಮೀಟರಿರುವ, ನೆಲದ ಮೇಲೆ ನಿಲ್ಲಿಸಿ ಹೊಡೆಯುವ ಪಂಪು ₹800, ಪಂಕ್ಚರ್ ಕಿಟ್ಟು, ಒಂದು ಟ್ಯೂಬು, ಸಣ್ಣ ಟೂಲು ₹700. ಲೈಟನ್ನು ಎಂದೂ ಬಿಡಬೇಡಿ. ಸಂಜೆ ಆರೂವರೆಗೆ ಕೆಲಸ ಬಿಟ್ಟು ಹೊರಟ ಸವಾರನನ್ನು ಹಿಂದಿನ ಲಾರಿಯವರು ಕಾಣಬೇಕಾದರೆ ಅದೊಂದೇ ದಾರಿ.

ಪಂಪು ಅನಾವಶ್ಯಕ ಎಂದು ಕೆಲವರು ತಿಳಿಯುತ್ತಾರೆ. ಕಡಿಮೆ ಗಾಳಿಯ ಟಯರಿನಲ್ಲಿ ತುಳಿಯುವುದು ಮರಳಿನಲ್ಲಿ ನಡೆದ ಹಾಗೆ. ಸುಸ್ತು ಮೈಯದ್ದಲ್ಲ, ಟಯರಿನದು. ಹೈಬ್ರಿಡ್ಡಿನ 35 ಮಿ.ಮೀ. ಟಯರಿಗೆ ನಿಮ್ಮ ತೂಕ ನೋಡಿ 50–70 ಪಿಎಸ್‌ಐ, ಎಂಟಿಬಿಗೆ 35–50. ಟಯರಿನ ಪಕ್ಕದಲ್ಲೇ ಗರಿಷ್ಠ ಒತ್ತಡ ಅಚ್ಚಾಗಿರುತ್ತದೆ. ವಾರಕ್ಕೊಮ್ಮೆ ಗಾಳಿ ನೋಡಿದರೆ ಪಂಕ್ಚರೂ ಅರ್ಧಕ್ಕರ್ಧ ಕಡಿಮೆ ಎಂಬುದು ನನ್ನ ಅನುಭವ.

ಕುಂಡೆ ನೋವಿಗೆ ಜೆಲ್ ಸೀಟ್ ಕವರು ಕೊಳ್ಳುವುದಕ್ಕಿಂತ ಒಳಗೆ ಪ್ಯಾಡಿರುವ ಚಡ್ಡಿ ಒಳ್ಳೆಯದು. ಮೊದಲ ಎರಡು ವಾರ ಯಾರಿಗಾದರೂ ನೋಯುತ್ತದೆ, ಆಮೇಲೆ ಸರಿಹೋಗುತ್ತದೆ. ಹೋಗದಿದ್ದರೆ ಸೀಟಿನ ಮೂತಿ ಮೇಲೆದ್ದಿದೆಯೇ ನೋಡಿ, ಮಟ್ಟ ಮಾಡಿಸಿ. ಜೆರ್ಸಿ, ಕನ್ನಡಕ, ವೇಗ ತೋರಿಸುವ ಕಂಪ್ಯೂಟರು ಯಾವುದೂ ಈಗ ಬೇಡ. ಮೊಬೈಲಿನ ಸ್ಟ್ರಾವಾ ಆ್ಯಪಿನ ಉಚಿತ ಖಾತೆಯೇ ದೂರ, ಸಮಯ ಎರಡನ್ನೂ ಬರೆದಿಡುತ್ತದೆ.

ಮೊದಲ ಮೂರು ತಿಂಗಳು

ಸೀಟಿನ ಎತ್ತರದಿಂದ ಶುರು ಮಾಡಿ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು, ಪೆಡಲು ಅತಿ ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸ್ವಲ್ಪ ಬಾಗಿರುತ್ತದೆ, ಅಷ್ಟೇ ಬೇಕಾದದ್ದು. ಎರಡೂ ಕಾಲು ನೆಲಕ್ಕೆ ಪೂರ್ತಿ ಎಟುಕಬೇಕೆಂದು ಸೀಟು ತಗ್ಗಿಸಿ ಓಡಿಸುವುದು ನಮ್ಮಲ್ಲಿ ರೂಢಿ. ಮಂಡಿಯ ಮುಂಭಾಗದ ನೋವು ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ಮಂಡಿಯ ಹಿಂಭಾಗ ನೋಯುತ್ತಿದ್ದರೆ ಸೀಟು ಅತಿ ಎತ್ತರವಿರಬಹುದು.

ಇನ್ನೊಂದು ಗಟ್ಟಿ ಗೇರಿನ ಮೋಹ. ಭಾರದ ಗೇರಿನಲ್ಲಿ ನಿಧಾನ ಒತ್ತಿ ತುಳಿದರೆ ತೊಡೆ ಬೆಳೆಯುತ್ತದೆ ಎನ್ನುತ್ತಾರೆ. ಹೊಸಬರಿಗೆ ಬೆಳೆಯುವುದು ಮಂಡಿ ನೋವು. ಹಗುರ ಗೇರಿನಲ್ಲಿ ಕಾಲು ಚುರುಕಾಗಿ ತಿರುಗಲಿ, ನಿಮಿಷಕ್ಕೆ 70–80 ಸುತ್ತು. ರೂಢಿಯಾದ ಮೇಲೆ ಅದು 90ರ ಹತ್ತಿರ ಹೋಗುತ್ತದೆ.

ಮೊದಲ ಮೂರು ವಾರ ವಾರಕ್ಕೆ ನಾಲ್ಕು ದಿನ, ದಿನಕ್ಕೆ 30–40 ನಿಮಿಷ. ಪಕ್ಕದವರ ಜೊತೆ ವಾಕ್ಯ ಪೂರ್ತಿ ಮಾಡಿ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಮಧ್ಯಮ ಶ್ರಮದ ಅಳತೆ, ವಾಚು ಬೇಕಿಲ್ಲ. ಆಮೇಲೆ ವಾರಕ್ಕೆ ಹತ್ತರಲ್ಲೊಂದು ಪಾಲು ಸಮಯ ಏರಿಸುತ್ತಾ, ಪ್ರತಿ ನಾಲ್ಕನೇ ವಾರ ಸ್ವಲ್ಪ ಇಳಿಸಿ ಮೈಗೆ ಬಿಡುವು ಕೊಡಿ. ಎರಡನೇ ತಿಂಗಳಲ್ಲಿ ವಾರಕ್ಕೆ ಒಂದು ದಿನ ಏರು ಸೇರಿಸಿ. ಮೈಸೂರಿನವರಿಗೆ ಚಾಮುಂಡಿಬೆಟ್ಟ ಇದೆ: ಊರಿನ ಮಟ್ಟದಿಂದ ಸುಮಾರು 300 ಮೀಟರು ಏರು. ಮೊದಲ ಸಲವೇ ತುದಿ ಮುಟ್ಟುವ ಹಟ ಬೇಡ. ಉಸಿರು ಕಟ್ಟಿದಲ್ಲಿ ಇಳಿದು, ನೀರು ಕುಡಿದು, ಮರಳಿ ಬನ್ನಿ. ಮುಂದಿನ ವಾರ ಇನ್ನೊಂದು ತಿರುವು. ಇಳಿಯುವಾಗ ಎರಡೂ ಬ್ರೇಕನ್ನು ಬಿಟ್ಟುಬಿಟ್ಟು ಹಿಡಿಯಿರಿ. ಬೆಳಿಗ್ಗೆ ಎದ್ದ ಕೂಡಲೇ ನಾಡಿ ಎಣಿಸುವ ಅಭ್ಯಾಸ ಇಟ್ಟುಕೊಂಡರೆ, ಕೆಲವು ವಾರಗಳಲ್ಲಿ ಅದು ನಿಧಾನವಾಗುವುದು ಗೊತ್ತಾಗುತ್ತದೆ. ತೂಕದ ಯಂತ್ರಕ್ಕಿಂತ ಇದು ನಿಜವಾದ ಲೆಕ್ಕ.

ತೂಕ ಇಳಿಸಲೆಂದೇ ಸೈಕಲ್ ಹಿಡಿದವರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. 70 ಕಿಲೋದವರು ಒಂದು ಗಂಟೆ 16–19ರ ವೇಗದಲ್ಲಿ ತುಳಿದರೆ ಕರಗುವುದು ಸುಮಾರು 450 ಕ್ಯಾಲರಿ. ಒಂದು ಮಸಾಲೆ ದೋಸೆ, ಒಂದು ಕಾಫಿ ಹೆಚ್ಚುಕಡಿಮೆ ಅಷ್ಟನ್ನೂ ಮರಳಿ ತುಂಬುತ್ತವೆ. ಗಂಟೆಯೊಳಗಿನ ಸವಾರಿಗೆ ನೀರು ಸಾಕು. ಅದಕ್ಕಿಂತ ಉದ್ದವಾದರೆ ಏಲಕ್ಕಿ ಬಾಳೆ, ಕಡಲೆಕಾಯಿ ಚಿಕ್ಕಿ, ಉಪ್ಪು ಸಕ್ಕರೆ ಹಾಕಿದ ನಿಂಬೆ ಶರಬತ್ತು. ಸವಾರಿಯ ನಡುವೆ ಹೀರುವ, ಒಂದಕ್ಕೆ ನೂರು ರೂಪಾಯಿಯ ಎನರ್ಜಿ ಜೆಲ್ಲು ಮಾಡುವ ಕೆಲಸವನ್ನೇ ಇವು ಇಪ್ಪತ್ತು ರೂಪಾಯಿಗೆ ಮಾಡುತ್ತವೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಬಿಪಿ, ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿ ಶುರು ಮಾಡಲಿ.

ರಿಪೇರಿ: ಕೈಯಾರೆಯೋ, ಅಂಗಡಿಯಲ್ಲೋ

ಕೈಯಾರೆ ಮಾಡಿಕೊಳ್ಳಬೇಕಾದವು ಮೂರು: ಪಂಕ್ಚರು, ಚೈನು ಶುಚಿ, ಬ್ರೇಕ್ ಕೇಬಲ್ ಬಿಗಿ. ಗಾಲಿಯ ಬೆಂಡು ತೆಗೆಸುವುದು, ಬೇರಿಂಗಿಗೆ ಗ್ರೀಸು ತುಂಬುವುದು ಅಂಗಡಿಯವರಿಗೇ ಬಿಡಿ. ಬೀದಿಯ ಹಳೆಯ ಸೈಕಲ್ ಶಾಪಿನವರು ಕಡ್ಡಿ ಬಿಗಿಸಿ ಬೆಂಡು ತೆಗೆಯುವುದನ್ನು ನೋಡುವುದೇ ಒಂದು ಪಾಠ. ಗೇರಿನ ಸೈಕಲ್ಲಿಗೆ ಮಾತ್ರ ಗೇರ್ ಟ್ಯೂನಿಂಗ್ ಬಲ್ಲವರನ್ನು ಹುಡುಕಿಕೊಳ್ಳಿ.

ಚೈನಿನ ವಿಷಯದಲ್ಲಿ ಜಿಪುಣತನ ಬೇಡ. ಸುಮಾರು 150–200 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದರೆ ಅಂದೇ, ಬಟ್ಟೆಯಲ್ಲಿ ಒರೆಸಿ ಚೈನ್ ಲೂಬ್ (ಚೈನಿಗೆಂದೇ ಮಾಡಿದ ಎಣ್ಣೆ) ಹನಿಸಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ₹300ರ ಬಾಟಲಿ ತಿಂಗಳುಗಟ್ಟಲೆ ಬರುತ್ತದೆ. ಹಳೆಯ ಎಂಜಿನ್ ಆಯಿಲ್, ಕೊಬ್ಬರಿ ಎಣ್ಣೆ ಹಾಕಿದರೆ ಧೂಳು ಮೆತ್ತಿಕೊಂಡು ಹಲ್ಲುಚಕ್ರವನ್ನೇ ತಿನ್ನುತ್ತದೆ. ಸವೆದ ಚೈನನ್ನು ಸಮಯಕ್ಕೆ ಬದಲಿಸಿದರೆ ಐನೂರು ಆರುನೂರರಲ್ಲಿ ಮುಗಿಯುತ್ತದೆ. ಬಿಟ್ಟರೆ ಹಿಂದಿನ ಗೇರಿನ ಚಕ್ರಗಳೂ ಹೋಗಿ ಖರ್ಚು ಎರಡು ಮೂರು ಪಟ್ಟು. ನಮ್ಮ ಧೂಳಿನಲ್ಲಿ 2,000 ಕಿ.ಮೀ. ಆದ ಮೇಲೆ ಅಂಗಡಿಯಲ್ಲಿ ಚೈನಿನ ಸವೆತ ಅಳೆಸಿ ನೋಡಿ.

ಕೊನೆಗೆ ಅಂಗಡಿಯಲ್ಲಿ ದುಡ್ಡು ಕೊಡುವ ಮುಂಚಿನ ಕೆಲಸ. ನಿಮ್ಮ ಎತ್ತರಕ್ಕೆ ಸರಿಯಾದ ಅಳತೆಯ ಫ್ರೇಮನ್ನೇ ಕೇಳಿ. ‘ಇದೇ ಇದೆ ಸಾರ್, ಸೀಟು ಏರಿಸಿ ಕೊಡ್ತೀವಿ’ ಎಂದರೆ ಬೇರೆ ಅಂಗಡಿ ನೋಡಿ. ಹತ್ತು ನಿಮಿಷ ಹೊರಗೆ ಓಡಿಸಿ ನೋಡಿ, ಸಾಧ್ಯವಾದರೆ ಒಂದು ಸಣ್ಣ ಏರಿನಲ್ಲಿ. ಎಲ್ಲ ಗೇರೂ ಬೀಳುತ್ತಿವೆಯೇ, ಎರಡೂ ಬ್ರೇಕು ಒಂದೊಂದಾಗಿ ಹಿಡಿಯುತ್ತಿವೆಯೇ ನೋಡಿ. ಫ್ರೇಮಿನ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಂಡು ಫೋಟೋ ತೆಗೆದಿಡಿ, ಕಳುವಾದರೆ ಪೊಲೀಸರಿಗೆ ತೋರಿಸಲು ಬೇಕಾಗುತ್ತದೆ. ಹೊಸ ಕೇಬಲ್ಲು, ಹೊಸ ಕಡ್ಡಿ ಮೊದಲ ನೂರಿನ್ನೂರು ಕಿಲೋಮೀಟರಿನಲ್ಲಿ ಸಡಿಲಾಗುವುದು ಸಹಜ. ಒಂದು ತಿಂಗಳಾದ ಮೇಲೆ ಮೊದಲ ಸರ್ವಿಸ್ ಉಚಿತವೇ ಎಂದು ಕೇಳಿ, ತಾರೀಕನ್ನು ಬಿಲ್ಲಿನ ಹಿಂದೆಯೇ ಬರೆಸಿಕೊಳ್ಳಿ.